ಬಲೆಯ ಮೊದಲ ಪಾಲು

ಮಂದಿರದಲ್ಲಿ ಇವತ್ತಿನ ಭಜನೆ ಚೆನ್ನಾಗಿ ಆಯಿತು. ತಾಳ ಹಾಕಿದವರ ಅಂಗೈ ಕೆಂಪಾಗಿರಬೇಕು. ಈಗ ನಾನು ಹೇಳುವುದು ಉದ್ದ ಇಲ್ಲ, ಒಲೆಯ ಮೇಲೆ ಅನ್ನ ಇಟ್ಟು ಬಂದವರು ಹೆದರಬೇಡಿ. ನಾಳೆ ಸಮುದ್ರ ಪೂಜೆ, ಪೂಜೆ ಮುಗಿದರೆ ವರ್ಷದ ಮೊದಲ ಬಲೆ. ಹಾಲು ಎರೆಯುತ್ತೀರಿ, ತೆಂಗಿನಕಾಯಿ ಬಿಡುತ್ತೀರಿ, ನಮಗೆ ಈ ವರ್ಷ ಒಳ್ಳೆ ಪಾಲು ಕೊಡು ತಾಯಿ ಅಂತ ಕೈ ಮುಗಿಯುತ್ತೀರಿ. ಅದಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ. ಕೊಟ್ಟರೆ ತೆಗೆದುಕೊಳ್ಳುತ್ತೀರಾ? ಏನು ಕೊಟ್ಟರೂ? ಉತ್ತರ ಈಗ ಬೇಡ. ಮೊದಲು ಒಂದು ದೃಷ್ಟಾಂತ ಕೇಳಿ.

ಸಮುದ್ರದ ಬದಿಯ ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಕೆಟ್ಟವನಲ್ಲ. ನೋಡಿ, ಕೆಟ್ಟವನ ಕಥೆ ಹೇಳಿದರೆ ಒಂದು ತೊಂದರೆ ಇದೆ, ಕೇಳುವವರು ಎಲ್ಲರೂ ಪಕ್ಕದ ಮನೆಯವನನ್ನು ನೆನಪು ಮಾಡಿಕೊಂಡು ನಗುತ್ತಾರೆ. ಇವನು ಒಳ್ಳೆಯವನೇ. ಅಪ್ಪ ಬಲೆ ಎಳೆಯುತ್ತಿದ್ದವನು, ಮಗ ಕಷ್ಟಪಟ್ಟು ಮೇಲೆ ಬಂದು ಕಡಲ ಬದಿಯಲ್ಲಿ ದೊಡ್ಡ ಮದುವೆ ಹಾಲ್ ಕಟ್ಟಿಸಿದ್ದ. ಬಡವರ ಮದುವೆಗೆ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಊಟಕ್ಕೆ ಬಂಗಾರದ ಅಂಚಿನ ಪ್ಲೇಟು. ಪ್ಲಾಸ್ಟಿಕ್ಕೇ ಬಿಡಿ, ಆದರೆ ಅಂಚು ಮಾತ್ರ ಬಂಗಾರದ ಬಣ್ಣ. ಸುತ್ತಲಿನ ಊರಲ್ಲಿ ಬೇರೆ ಯಾರೂ ಅಂಥ ಪ್ಲೇಟು ಇಡುತ್ತಿರಲಿಲ್ಲ, ಅದು ಅವನ ಹಾಲ್‌ನ ಹೆಮ್ಮೆ. ಉಂಡ ಮೇಲೆ ಪ್ಲೇಟು ಎಲ್ಲಿಗೆ ಹೋಗುತ್ತಿತ್ತು? ಹಾಲ್‌ನ ಹಿಂದೆ ಸಮುದ್ರ ಸೇರುವ ಒಂದು ಸಣ್ಣ ತೋಡು ಹರಿಯುತ್ತಿತ್ತು. ನಿಮ್ಮ ಮನೆಯ ಹಿಂದೆಯೂ ಇದೆಯಲ್ಲ, ಅದೇ ತರಹದ್ದು.

ಆ ಊರಿನಲ್ಲಿ ಕೈರಂಪಣಿ ಇತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಸುತ್ತ ಬಿಟ್ಟು ಬರುವುದು, ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಲ್ಲರೂ ಸೇರಿ ಎಳೆಯುವುದು. ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಊರಿನ ಕಟ್ಟುಪಾಡು ಹೇಳಬೇಕು. ಒಂದು, ಹಗ್ಗ ಮುಟ್ಟಿದವರಿಗೆಲ್ಲ ಪಾಲು, ಊರವರಾಗಲಿ ಪರವೂರವರಾಗಲಿ. ಇನ್ನೊಂದು, ಪಾಲು ಬೇಡ ಅಂದವನಿಗೆ ಮತ್ತೆ ಹಗ್ಗ ಇಲ್ಲ. ಯಾಕೆ ಗೊತ್ತೇ? ಚಿಕ್ಕ ಮೀನು ಬಂದ ದಿನ ಮೂಗು ಮುರಿದು ಹೋಗುವವನು, ಬಂಗಡೆ ಬಂದ ದಿನ ಬುಟ್ಟಿ ಹಿಡಿದುಕೊಂಡು ಓಡಿ ಬರಬಾರದು.

ಬಲೆ ಅಪ್ಪನ ಕಾಲದಿಂದ ಸಾಹುಕಾರನ ಮನೆತನದ್ದು. ಹಾಗಾಗಿ ಮಳೆಗಾಲ ಕಳೆದು ಹಾಕುವ ಮೊದಲ ಬಲೆಯ ಮೊದಲ ಪಾಲು ಅವನ ಮನೆಗೆ. ಅವನ ಮನೆಯ ಫ್ರಿಜ್ಜಿನಲ್ಲಿ ಅಂಜಲ್ ಇತ್ತು, ಸಿಗಡಿ ಇತ್ತು. ಆದರೆ ಆ ಪಾಲು ಬೇರೆ. ಆ ದಿನ ಮಾತ್ರ ಸಾಹುಕಾರ ಪಂಚೆ ಎತ್ತಿ ಕಟ್ಟಿ, ಹಗ್ಗ ಹಿಡಿದು, ಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತು ಪೇಟೆಯ ನಡುವೆ ಮನೆಗೆ ನಡೆಯುತ್ತಿದ್ದ. ದಾರಿಯಲ್ಲಿ ಎಲ್ಲರೂ ಕೇಳುತ್ತಿದ್ದರು, "ಎಂತ ಮೀನು ಸಾಹುಕಾರ್ರೆ?" ಅವನು ಹೇಳುತ್ತಿದ್ದ. ಹಾಲ್ ಕಟ್ಟಿಸಿದಾಗ ಆಗದ ಹಿಗ್ಗು ಅವನಿಗೆ ಆ ಬುಟ್ಟಿಯಲ್ಲಿ ಆಗುತ್ತಿತ್ತು. ಅಪ್ಪನ ಜಾಗದಲ್ಲಿ ತಾನು ನಿಂತಿದ್ದೇನೆ ಅನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಅದೊಂದೇ. ಮನೆಯಲ್ಲಿ ಮುದಿತಾಯಿ ಮಸಾಲೆ ಅರೆದು ಕಾಯುತ್ತಿದ್ದಳು.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಹತ್ತಿರದ ಪೇಟೆಯ ಕಾಲೇಜಿನಿಂದ ಹುಡುಗ ಹುಡುಗಿಯರು ಸಮಾಜಸೇವೆಯ ಪ್ರಾಜೆಕ್ಟ್ ಅಂತ ವಾರ ವಾರ ಆ ಕಡಲತೀರಕ್ಕೆ ಬರುತ್ತಿದ್ದರು, ಕಸ ಹೆಕ್ಕಲಿಕ್ಕೆ. ಅದಕ್ಕೆ ಅಂಕ ಇತ್ತು. ಟೋಪಿ ಯಾರು ಕೊಟ್ಟದ್ದು? ಸಾಹುಕಾರನೇ. ಟೋಪಿಯ ಮೇಲೆ ಮದುವೆ ಹಾಲ್‌ನ ಹೆಸರು. ಮಕ್ಕಳು ಹೆಕ್ಕುವುದು, ಚೀಲ ಕಟ್ಟುವುದು, ಮೇಷ್ಟ್ರು ಫೋಟೋ ತೆಗೆಯುವುದು. ಮುಂದಿನ ವಾರ ಬಂದರೆ ಮರಳು ಮೊದಲಿನ ಹಾಗೆಯೇ. ಮತ್ತೆ ಹೆಕ್ಕು, ಮತ್ತೆ ಕಟ್ಟು, ಮತ್ತೆ ಫೋಟೋ.

ಆ ಮಕ್ಕಳಲ್ಲಿ ಒಬ್ಬಳು ಮೀನುಗಾರರ ಮನೆಯ ಹುಡುಗಿ. ಒಂದು ದಿನ ಕೇಳಿಯೇ ಬಿಟ್ಟಳು. "ಸರ್, ಇದು ಎಲ್ಲಿಂದ ಬತ್ತಿತ್ತ್ ಅಂತ ನೋಡ್ದೇ ಬರೀ ಹೆಕ್ತಾ ಇದ್ರೆ, ಮುಂದಿನ ವರ್ಷದ ಮಕ್ಕಳಿಗೂ ಇದೇ ಕೆಲಸ ಅಲ್ದಾ?"

ಮೇಷ್ಟ್ರು ಹೇಳಿದರು, "ಹೆಕ್ಕುವುದು ಸೇವೆ. ಎಲ್ಲಿಂದ ಬಂತು ಅಂತ ಕೇಳುವುದು ಜಗಳ. ನಮಗೆ ಜಗಳ ಬೇಡ."

ಮೇಷ್ಟ್ರನ್ನು ನೋಡಿ ನಗಬೇಡಿ. ನಾವೂ ಹಾಗೆಯೇ. ಸೇವೆ ಮಾಡಲಿಕ್ಕೆ ತಯಾರು, ಪ್ರಶ್ನೆ ಕೇಳಲಿಕ್ಕೆ ಮಾತ್ರ ಬೇರೆ ಯಾರಾದರೂ ಬರಲಿ.

ಮೊದಲ ಬಲೆಯ ದಿನ ಬಂತು. ಮಕ್ಕಳೂ ಅಂದು ಅಲ್ಲೇ ಇದ್ದರು. ಹುಡುಗಿ ಹಗ್ಗ ಹಿಡಿದಳು, ಅವಳನ್ನು ನೋಡಿ ಉಳಿದವರೂ ಹಿಡಿದರು. ಸಾಹುಕಾರನೂ ಪಂಚೆ ಕಟ್ಟಿ ನಿಂತ. ಬಲೆ ಭಾರ, ಎಳೆದಷ್ಟೂ ಭಾರ. ಎಲ್ಲರ ಮುಖದಲ್ಲಿ ನಗು. ಈ ಸಲ ಬಂಗಡೆಯೇ ಅಂತ ಒಬ್ಬ, ಬೂತಾಯಿ ಅಂತ ಇನ್ನೊಬ್ಬ. ಬಲೆ ದಡಕ್ಕೆ ಬಂತು. ಬಿಚ್ಚಿದರು.

ಏನಿತ್ತು? ಪ್ಲೇಟು. ಬಂಗಾರದ ಅಂಚಿನ ಪ್ಲೇಟು. ಲೋಟ, ನೀರಿನ ಬಾಟಲಿ, ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಒಂಟಿ ಚಪ್ಪಲಿ, ಹರಿದ ಬಲೆಯ ತುಂಡು, ಥರ್ಮಾಕೋಲು. ನಡುನಡುವೆ ಬೆರಳುದ್ದದ ನಾಲ್ಕೈದು ಮೀನು, ಪಾಲು ಮಾಡುವಷ್ಟೂ ಇಲ್ಲ. ಸಾಹುಕಾರ ಪ್ಲೇಟು ನೋಡಿದ, ಆಮೇಲೆ ಆಕಾಶ ನೋಡಿದ.

ಒಬ್ಬ ಎಂದಿನಂತೆ ಹೇಳಿದ, "ಮೀನು ಹೆಕ್ಕಿ ಮಾರಾಯ್ರೆ. ಉಳಿದದ್ದು ನೀರಿಗೇ ಕೊಡವಿ."

ಕೇಳಿದಿರಾ? ನೀರಿಗೇ ಕೊಡವಿ. ಬಲೆ ಹಾಕಿ, ಬೆವರು ಸುರಿಸಿ ಎಳೆದು ತಂದದ್ದನ್ನು ಮತ್ತೆ ನೀರಿಗೇ ಕೊಡವುವುದು, ನಾಳೆ ಮತ್ತೆ ಎಳೆಯುವುದು. ಆ ಊರಲ್ಲಿ ಅದು ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ. ಈ ಸಭೆಯಲ್ಲಿ ಬಲೆ ಹಾಕುವವರು ಇದ್ದೀರಿ. ನಾನು ಯಾರನ್ನೂ ಕೇಳುವುದಿಲ್ಲ, ಕಂಬಕ್ಕೆ ಒರಗಿ ಕೂತ ಶೀನಣ್ಣನನ್ನಂತೂ ಕೇಳುವುದೇ ಇಲ್ಲ.

ಆಗ ಆ ಹುಡುಗಿ ಬಲೆಯ ಅಂಚಿನ ಮೇಲೆ ಕಾಲಿಟ್ಟು ನಿಂತಳು. "ಕೊಡವಬೇಡಿ. ಪಾಲು ಮಾಡಿ. ಹಗ್ಗ ಎಳದ್ದು ನಾವೂ ಅಲ್ದಾ?"

ನಕ್ಕರು. ಕಸದಲ್ಲಿ ಪಾಲು ಯಾರಾದರೂ ಕೇಳುತ್ತಾರೆಯೇ? ಮೇಷ್ಟ್ರು "ಸುಮ್ಮನೆ ಬಾ" ಅಂದರು. ಆದರೆ ಬಲೆಯ ಹಿರಿಯ, ತಾಂಡೇಲ, ಅವನು ನಗಲಿಲ್ಲ. ಹರಿದ ಬಲೆಯ ತುಂಡೊಂದನ್ನು ಎತ್ತಿ ನೋಡಿದ. ಕಳೆದ ವರ್ಷ ಅವನೇ ಕತ್ತರಿಸಿ ನೀರಿಗೆ ಎಸೆದದ್ದು. ತನ್ನ ಕೈಯ ಗಂಟು ಯಾರಿಗೆ ಗುರುತಾಗುವುದಿಲ್ಲ?

"ಹೆಣ್ಣು ಹೇಳುದು ಸಮ," ಅಂದ ತಾಂಡೇಲ. "ಬಲೆ ಒಳ್ಗೆ ಬಂದದ್ದೆಲ್ಲ ಪಾಲು. ಇದ್ರಲ್ಲಿ ನನ್ನದೂ ಇತ್ತ್. ಬುಟ್ಟಿ ತನ್ನಿ."

ಬುಟ್ಟಿ ಬಂತು. ತಾಂಡೇಲ ತುಂಬಿಸಿದ, ಮೊದಲ ಪಾಲನ್ನು ಸಾಹುಕಾರನ ಕಾಲಬುಡದಲ್ಲಿ ಇಟ್ಟ. ಸಾಹುಕಾರ ತಗ್ಗಿದ ದನಿಯಲ್ಲಿ ಹೇಳಿದ, "ನಮ್ಮ ಮದುವೆ ಹಾಲ್‌ನ ಗಾಡಿ ಕಳಿಸ್ತೇನೆ, ಎಲ್ಲವನ್ನೂ ಒಟ್ಟಿಗೆ ತೆಗೆಸ್ತೇನೆ. ಇಲ್ಲಿಗೆ ಬಿಡಿ."

"ಗಾಡಿ ಬೇಡ ಒಡೆಯಾ. ಇಷ್ಟು ವರ್ಷ ಮೀನು ಹೊತ್ತದ್ದು ನೀವೇ ಅಲ್ದಾ?"

"ನನ್ನ ಮರ್ಯಾದಿ ತೆಗೀಬೇಕು ಅಂತ ಇದ್ಯಾ?"

"ಇಲ್ಲ. ಪಾಲು ಬೇಡ ಅಂದ್ರೆ ಹೇಳಿ, ನಾವು ಒತ್ತಾಯ ಮಾಡುದಿಲ್ಲ. ಬಲೆ ನಿಮ್ದಾದ್ರೂ ಕಟ್ಟುಪಾಡು ಒಂದೇ, ಮುಂದಿನ ವರ್ಷದಿಂದ ನಿಮಗೆ ಹಗ್ಗ ಇಲ್ಲ, ಅಷ್ಟೇ."

ಅಷ್ಟೇ ಅಂದ. ಸಾಹುಕಾರನಿಗೆ ಅದು ಅಷ್ಟೇ ಅಲ್ಲ. ಬೇಡ ಅಂದರೆ ಅಪ್ಪನ ಜಾಗ ಹೋಯಿತು. ಬೇಕು ಅಂದರೆ ಪೇಟೆಯ ನಡುವೆ ತಲೆಯ ಮೇಲೆ ಕಸ. ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹಾಗೆ ಇಲ್ಲ, ಆಳಿಗೆ ಹೇಳಿ ಮಾಡಿಸುವ ಹಾಗೆ ಇಲ್ಲ. ಜೀವನದಲ್ಲಿ ಅಂಥ ಬುಟ್ಟಿ ಒಂದಲ್ಲ ಒಂದು ದಿನ ಎಲ್ಲರ ಕಾಲಬುಡಕ್ಕೂ ಬರುತ್ತದೆ. ಸಾಹುಕಾರ ಬಗ್ಗಿ ಬುಟ್ಟಿ ಎತ್ತಿದ.

ಆ ದಿನ ಪೇಟೆ ಉದ್ದ ಆಗಿತ್ತು ಅವನಿಗೆ. ಬುಟ್ಟಿಯಿಂದ ಕೊಳಕು ನೀರು ಬಿಳಿ ಅಂಗಿಯ ಮೇಲೆ ಇಳಿಯುತ್ತಿತ್ತು. ಅಂಗಡಿಯವರಿಗೆ ಏನು ಗೊತ್ತು? ಪ್ರತಿ ವರ್ಷದ ಹಾಗೆ ಪ್ರೀತಿಯಿಂದ ಕೇಳಿದರು, "ಎಂತ ಮೀನು ಸಾಹುಕಾರ್ರೆ?" ಅವನು ಏನು ಹೇಳಿಯಾನು? ತಲೆ ತಗ್ಗಿಸೋಣ ಅಂದರೆ ತಲೆಯ ಮೇಲೆ ಬುಟ್ಟಿ.

ಮನೆಗೆ ಬಂದ. ತಾಯಿ ಅಂಗಳದಲ್ಲೇ ಇದ್ದಳು. ಬುಟ್ಟಿ ಇಳಿಸಿದ. ಅವಳು ಒಂದು ಪ್ಲೇಟು ಎತ್ತಿ, ಮರಳು ಒರೆಸಿ, ಬಂಗಾರದ ಅಂಚು ನೋಡಿದಳು.

"ಇದನ್ನು ಹಿಂದೆ ಎಸೆದು ಬರ್ತೇನೆ ಅಮ್ಮ," ಅಂತ ಸಾಹುಕಾರ ಬುಟ್ಟಿ ಹಿಡಿದು ಹಿತ್ತಲಿಗೆ ನಡೆದ.

ಹಿತ್ತಲಲ್ಲಿ ಏನಿತ್ತು? ತೋಡು. ಹಾಲ್‌ನ ಹಿಂದಿನಿಂದ ಬರುವ ಅದೇ ತೋಡು. ಅವನು ಬುಟ್ಟಿ ಓರೆ ಮಾಡಿದ. ಅಷ್ಟರಲ್ಲಿ ನೀರಿನ ಮೇಲೆ ಏನೋ ತೇಲಿ ಬಂತು. ಬಂಗಾರದ ಅಂಚಿನ ಪ್ಲೇಟು, ಒಂದರ ಹಿಂದೆ ಒಂದು. ಅಂದು ಹಾಲ್‌ನಲ್ಲಿ ಮದುವೆ ಇತ್ತು, ತಿಂಡಿಯ ಪಂಕ್ತಿ ಎದ್ದಿತ್ತು. ತನ್ನ ಆಳುಗಳು ತನ್ನ ಮಾತಿನಂತೆ ತನ್ನ ತೋಡಿಗೆ ಸುರಿದದ್ದು ತನ್ನ ಕಣ್ಣ ಮುಂದೆಯೇ ಸಮುದ್ರಕ್ಕೆ ಹೊರಟಿತ್ತು. ಎಲ್ಲಿಗೆ ಹೋಗುತ್ತದೆ? ಬಲೆಗೆ. ಬಲೆಯಿಂದ? ಬುಟ್ಟಿಗೆ. ಬುಟ್ಟಿಯಿಂದ? ಈಗ ಅದು ಅವನ ಕೈಯಲ್ಲೇ ಇತ್ತು.

ಓರೆ ಮಾಡಿದ ಬುಟ್ಟಿಯನ್ನು ಅವನು ನೆಟ್ಟಗೆ ಮಾಡಿದ. ವಾಪಸು ಅಂಗಳಕ್ಕೆ ತಂದು ಇಟ್ಟ.

ಮಧ್ಯಾಹ್ನ ತಾಯಿ ಊಟಕ್ಕೆ ಕರೆದಳು. ಅರೆದ ಮಸಾಲೆ ಹಾಳು ಮಾಡುವುದುಂಟೇ? ಹುಳಿ ಬಿಟ್ಟು ಕುದಿಸಿದ್ದಳು. ಬಟ್ಟಲಲ್ಲಿ ಕೆಂಪು ಸಾರು ಇತ್ತು, ಮೀನು ಇರಲಿಲ್ಲ. ಸಾಹುಕಾರ ಅನ್ನ ಕಲಸಿ ತುತ್ತು ಎತ್ತಿದ, ಮತ್ತೆ ಕೆಳಗಿಟ್ಟ.

"ಉಣ್ಣು ಮಗಾ," ಅಂದಳು ತಾಯಿ. "ಮಸಾಲೆ ನಾನು ಮುಂದಿನ ವರ್ಷವೂ ಅರೀತೆ. ಅದಕ್ಕೆ ಎಂತ ಹಾಕ್ಕೋ ಅದನ್ನ ನೀನೇ ತಂದು ಕೊಡ್."

ಅಷ್ಟೇ ಮಾತು. ಆ ಊಟ ಅವನಿಗೆ ಮರೆಯಲಿಲ್ಲ. ಮುಂದಿನ ಮದುವೆಗೆ ಹಾಲ್‌ನಲ್ಲಿ ಬಾಳೆಲೆ ಹಾಕಿಸಿದ, ಸ್ಟೀಲಿನ ಲೋಟ ತರಿಸಿದ, ತೋಡಿಗೆ ಕಬ್ಬಿಣದ ಜಾಲರಿ ಹಾಕಿಸಿದ. ಜಾಲರಿಯಲ್ಲಿ ಮೇಲಿನ ಮನೆಗಳ ಕಸ ಸಿಕ್ಕಿಕೊಂಡಾಗ ಆ ಮನೆಗಳಿಗೆ ತಾನೇ ಹೋಗಿ ತೋರಿಸಿದ. ಬೈಸಿಕೊಂಡ ಕೂಡ. ಕಾಲೇಜಿನ ಮಕ್ಕಳು ಆ ಬಲೆಯ ದಿನ ತಮ್ಮ ಪಾಲನ್ನು ಬಸ್ಸಿಗೆ ಹತ್ತಿಸಲಿಕ್ಕೆ ಹೋಗಿ ಕಂಡಕ್ಟರನ ಹತ್ತಿರ ವಾದ ಮಾಡಿ, ಕೊನೆಗೆ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋದರಂತೆ. ಆಮೇಲೆ ಅವರ ಪ್ರಾಜೆಕ್ಟ್ ಮರಳಿನಲ್ಲಿ ನಿಲ್ಲಲಿಲ್ಲ, ತೋಡು ಹಿಡಿದು ಮೇಲಕ್ಕೆ, ಮನೆಮನೆಗೆ ಹೋಯಿತು. ಆ ಹುಡುಗಿಗೆ ಅಂಕ ಎಷ್ಟು ಬಂತು ಅಂತ ನನ್ನನ್ನು ಕೇಳಬೇಡಿ.

ಮುಂದಿನ ವರ್ಷದ ಬಲೆಯಲ್ಲಿ ಕಸವೇ ಇರಲಿಲ್ಲ ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಇತ್ತು. ಕಡಿಮೆ ಇತ್ತು. ಅದಕ್ಕೂ ಪಾಲು ಮಾಡಿದರು, ಅದನ್ನೂ ಸಾಹುಕಾರ ಹೊತ್ತ. ಆದರೆ ಬುಟ್ಟಿಯ ಮೇಲ್ಗಡೆ ಬೊಗಸೆಯಷ್ಟು ಬಂಗಡೆ ಇತ್ತು, ಪೇಟೆಯವರು ಕೇಳಿದಾಗ ಹೇಳಲಿಕ್ಕೆ ಅವನಿಗೆ ಒಂದು ಉತ್ತರ ಇತ್ತು.

ಕಥೆ ಅಲ್ಲಿಗೆ ಬಿಡಿ. ಈಗ ನಮ್ಮದು.

ಹೋದ ವರ್ಷದ ಪೂಜೆಯಲ್ಲಿ ನಾನು ದಡದಲ್ಲೇ ನಿಂತಿದ್ದೆ. ಹಾಲು ಸಮುದ್ರಕ್ಕೆ ಹೋಯಿತು, ಹಾಲಿನ ತೊಟ್ಟೆಯೂ ಸಮುದ್ರಕ್ಕೆ ಹೋಯಿತು. ಹೂವು ಹೋಯಿತು, ಹೂವು ಕಟ್ಟಿ ತಂದ ಪ್ಲಾಸ್ಟಿಕ್ಕೂ ಹೋಯಿತು. ಊದುಬತ್ತಿಯ ಪೆಟ್ಟಿಗೆ, ಕರ್ಪೂರದ ಡಬ್ಬಿ, ಎಲ್ಲ. ಆಮೇಲೆ ಕೈ ಮುಗಿದು ತಾಯಿ ಅಂದಿರಿ. ನೋಡಿ, ನಾನು ಒಂದೇ ಕೇಳುತ್ತೇನೆ. ನಿಮ್ಮ ತಾಯಿಗೆ ಹಾಲು ಕುಡಿಸುವಾಗ ತೊಟ್ಟೆಯನ್ನೂ ಬಾಯಿಗೆ ತುರುಕುತ್ತೀರಾ? ಕೋಪ ಬರುತ್ತದಲ್ಲ? ಬರಬೇಕು. ನನಗೂ ಹೋದ ವರ್ಷ ಬಂದಿತ್ತು.

ಸಮುದ್ರಕ್ಕೆ ಎಸೆದದ್ದು ಶುದ್ಧ ಆಗುತ್ತದೆ ಅಂತ ನಾವು ನಂಬಿದ್ದೇವೆ. ದೇವರ ಹಳೆಯ ಫೋಟೋ, ಸತ್ತವರ ಹಾಸಿಗೆ, ಒಡೆದ ಬಕೆಟ್ಟು, ಎಲ್ಲಕ್ಕೂ ಒಂದೇ ಮಾತು, ನೀರಿಗೆ ಬಿಡು. ಸಮುದ್ರ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅದು ನಿಮ್ಮಷ್ಟು ಮರೆಗುಳಿಯಲ್ಲ. ನಿಮ್ಮದನ್ನು ನಿಮಗೇ ಕೊಡುತ್ತದೆ, ನೀವು ತೆಗೆದುಕೊಳ್ಳದಿದ್ದರೆ ನಿಮ್ಮ ಮಕ್ಕಳ ಬಲೆಗೆ ಕೊಡುತ್ತದೆ.

ಹಾಗಾಗಿ ನಾಳೆ ಬೆಳಿಗ್ಗೆ ಹಾಲನ್ನು ತಂಬಿಗೆಯಲ್ಲಿ ತನ್ನಿ. ಹೂವನ್ನು ಬಾಳೆಲೆಯಲ್ಲಿ ತನ್ನಿ. ದಡಕ್ಕೆ ತಂದ ತೊಟ್ಟೆ ದಡದಿಂದ ಮನೆಗೇ ಹೋಗಬೇಕು. ಇವತ್ತಿನಿಂದಲೇ ಹಿತ್ತಲ ತೋಡಿಗೆ ಏನಾದರೂ ಎಸೆಯಲಿಕ್ಕೆ ಕೈ ಎತ್ತಿದಾಗ, ಆ ಮೀನಿಲ್ಲದ ಸಾರು ನೆನಪು ಮಾಡಿಕೊಳ್ಳಿ. ದೋಣಿಯವರು ಬಲೆಗೆ ಬಂದ ಕಸವನ್ನು ನೀರಿಗೆ ಕೊಡವಬೇಡಿ, ದಡಕ್ಕೆ ತನ್ನಿ. ಭಾರ ಆಗುತ್ತದೆ, ನನಗೆ ಗೊತ್ತು. ಮೀನು ಭಾರ ಅಂತ ಯಾರಾದರೂ ನೀರಿಗೆ ಬಿಟ್ಟದ್ದುಂಟೇ?

ಇನ್ನೊಂದು ಮಾತು, ಆಮೇಲೆ ಏಳಬಹುದು. ಇವತ್ತು ಬೆಳಿಗ್ಗೆ ನಮ್ಮ ಹೈಸ್ಕೂಲಿನ ಮಕ್ಕಳು ಈ ಮಂದಿರದ ಎದುರಿನ ಮರಳಿನಲ್ಲಿ ಕಸ ಹೆಕ್ಕಿದ್ದಾರೆ. ಫೋಟೋ ತೆಗೆದಿಲ್ಲ, ನಾನೇ ಬೇಡ ಅಂದೆ. ಹೆಕ್ಕಿದ್ದು ಬಾಗಿಲಲ್ಲಿ ಬುಟ್ಟಿಗಳಲ್ಲಿ ಇದೆ, ಪಕ್ಕದಲ್ಲೇ ಬಚ್ಚಕ್ಕ ಬಾಳೆಲೆಯ ತುಂಡಿನಲ್ಲಿ ಪಂಚಕಜ್ಜಾಯ ಕೊಡುತ್ತಾಳೆ. ಬಲಗೈಯಲ್ಲಿ ಪ್ರಸಾದ ತೆಗೆದುಕೊಳ್ಳಿ. ಎಡಗೈಯಲ್ಲಿ ನಿಮ್ಮ ಪಾಲು ತೆಗೆದುಕೊಂಡು ಹೋಗಿ. ಬೇಡ ಅನ್ನುವವರನ್ನು ಯಾರೂ ತಡೆಯುವುದಿಲ್ಲ, ಅವರು ನಾಳೆ ಹಗ್ಗದ ಹತ್ತಿರ ಬರಬೇಕಾಗಿಲ್ಲ.