ಕಬ್ಬಿಣಕ್ಕೆ ನಿಂತ ಪಟ್ಟಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಈ ಮುದುಕ ಬೇಗ ಮುಗಿಸಲಿ ಎಂದು ಹಾರೈಸುತ್ತಿರುವ ಸಭಿಕರೇ,

ಶ್ವೇತ ಕುಬ್ಜ ಎಂದರೇನು? ಸತ್ತ ನಕ್ಷತ್ರ. ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಂಡು ಇನ್ನೂ ಬದುಕಿದ್ದೇನೆಂದು ತೋರಿಸಿಕೊಳ್ಳುವ ಹೆಣ. ಇಂಥದ್ದರ ಅಧ್ಯಯನಕ್ಕೆ ಪದಕ! ಅದು ಚಿನ್ನ ಬೆಳೆಯುತ್ತದೆ ಎಂದರು, ನನಗಿಂತ ಮೊದಲು ಮಾತಾಡಿದವರು. ಚಿನ್ನವಲ್ಲ ಸ್ವಾಮಿ, ಜಿರ್ಕೋನಿಯಂ, ಮಾಲಿಬ್ಡಿನಂ, ಬೇರಿಯಂ. ಎಳೆದುಕೊಂಡ ಹೈಡ್ರೋಜನ್ ಕೆಳಗೆ ಉರಿಯುವ ಹೀಲಿಯಂ ಪದರಕ್ಕೆ ಇಳಿದು ಅಲ್ಲಿನ ಇಂಗಾಲಕ್ಕೆ ತಗುಲಿದರೆ ಕೊನೆಗೆ ನ್ಯೂಟ್ರಾನ್‌ಗಳು ಹೊರಡುತ್ತವೆ. ಅಲ್ಲಿರುವ ಕಬ್ಬಿಣ ಅವನ್ನು ನುಂಗಿ ನುಂಗಿ ಭಾರವಾಗಿ ಈ ಧಾತುಗಳಾಗುತ್ತದೆ. ಇಷ್ಟೇ. ಓದದೆ ಹೊಗಳುವವರಿಗೆ ಯಾರು ಹೇಳಬೇಕು?

ಇಂದು ಸನ್ಮಾನಗೊಳ್ಳುತ್ತಿರುವಾಕೆ ನನ್ನ ತಂಗಿಯ ಮಗಳು. ಮನೆಯಲ್ಲಿ ನಾನು ಮಾವ, ಪ್ರಯೋಗಾಲಯದಲ್ಲಿ ಸರ್. ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು ‘ಮಾರ್ಗದರ್ಶಕರು’ ಎಂದಿದ್ದೀರಿ. ನನ್ನ ಮಾರ್ಗದರ್ಶನ ಏನಿತ್ತು ಗೊತ್ತೇ? ಕಂಪ್ಯೂಟರಿಗೆ ಕೊಡುವ ಮೂಲಧಾತುಗಳ ಪಟ್ಟಿ ಕಬ್ಬಿಣಕ್ಕೆ ನಿಲ್ಲಬೇಕು, ಅದಕ್ಕಿಂತ ಭಾರದ್ದು ಬೇಡ. ಲೆಕ್ಕ ಬೇಗ ಮುಗಿಯಲಿ ಎಂದು ನನ್ನ ಗುರುಗಳು ಮಾಡಿದ ನಿಯಮ. ನಾನದನ್ನು ವೇದವಾಕ್ಯ ಮಾಡಿಕೊಂಡೆ.

ಅವಳ ಲೆಕ್ಕದಲ್ಲಿ ಎಲ್ಲವೂ ಪಟ್ಟಿಯ ಕೊನೆಯ ಸಾಲಿನಲ್ಲೇ ರಾಶಿ ಬೀಳುತ್ತಿತ್ತು. ಲೆಕ್ಕ ತಪ್ಪು ಮಾಡಿದ್ದೀಯ ಎಂದೆ.

“ಮಾವ, ಮುಂದಕ್ಕೆ ಹೋಗೋಕೆ ಅವಕ್ಕೆ ಜಾಗಾನೇ ಇಲ್ಲ” ಎಂದಳು.

ಎಲ್ಲರೆದುರು ಮಾವ ಎಂದಳಲ್ಲ, ಸಿಟ್ಟು ನೆತ್ತಿಗೇರಿತು. ಅವಳು ಹಟ ಹಿಡಿದು ಪಟ್ಟಿ ಉದ್ದ ಮಾಡಿದಳು. ರಾಶಿ ಕರಗಿತು, ಭಾರದ ಧಾತುಗಳು ಒಂದರ ಹಿಂದೊಂದು ಬಂದವು. ಅವಳ ಪಿಎಚ್‌ಡಿ ಪ್ರಬಂಧದ ಆ ಅಧ್ಯಾಯಕ್ಕೆ ಅಡ್ಡಗೆರೆ ಎಳೆದವನು ನಾನು. ಡಾಕ್ಟರೇಟ್ ಕೈತಪ್ಪಿತು. ಹನ್ನೊಂದು ವರ್ಷ ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸಿದಳು. ನನ್ನ ತಂಗಿ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಹಳೆಯ ನಕ್ಷತ್ರವೊಂದರ ಬೆಳಕಿನಲ್ಲಿ ಅದೇ ಧಾತುಗಳು ಅದೇ ಪ್ರಮಾಣದಲ್ಲಿ ಸಿಕ್ಕಿದ ಮೇಲೆ ಅವಳನ್ನು ಹುಡುಕಿಕೊಂಡು ಹೋದಿರಿ.

ಇದನ್ನೆಲ್ಲ ಹೇಳಲು ಬಂದಿರಲಿಲ್ಲ. ಆ ಶ್ವೇತ ಕುಬ್ಜನನ್ನು ನಾಲ್ಕು ಮಾತು ಬೈದು ಕೂತುಬಿಡೋಣ ಎಂದಿದ್ದೆ.

ಪದಕವನ್ನು ನಾನೇ ತೊಡಿಸಬೇಕಂತೆ, ಅವಳೇ ಕೇಳಿಕೊಂಡಳಂತೆ. ಮಾವ ತಿಳಿಯದೆ ತಪ್ಪು ಮಾಡಿದರು ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ಇಲ್ಲ ಮಗಳೇ. ಅಡ್ಡಗೆರೆ ಎಳೆಯುವ ಹಿಂದಿನ ವಾರ ನಿನ್ನ ಲೆಕ್ಕವನ್ನು ನಾನೇ ಕೂತು ಮಾಡಿ ನೋಡಿದ್ದೆ. ಸರಿಯಾಗಿತ್ತು.

ಅಧ್ಯಕ್ಷರೇ, ಪದಕ ನೀವೇ ತೊಡಿಸಿ. ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಚಪ್ಪಾಳೆ ಬೇಡ. ನಮಸ್ಕಾರ.