ಕೆಂಪು ತಾತ, ಹಸಿರು ತಾತ

…ನಗಬೇಡ ಕಣೇ! ಬ್ಯಾಟರಿ ಬದಲಾಯಿಸಿದ್ದಕ್ಕೆ ಕಾರು ಮುನಿಸಿಕೊಂಡಿದೆ, ಅದರಲ್ಲಿ ನಗೋದೇನಿದೆ? ಬಾ, ಡ್ರೈವರ್ ಸೀಟಲ್ಲಿ ಕೂತ್ಕೋ. ಆನ್ ಮಾಡು. ಈಗ ಹೇಳು, ಮುಂದೆ ಏನೇನು ಉರೀತಿದೆ?… ಅಯ್ಯೋ, ನಾನೇ ನೋಡಬಹುದಮ್ಮ, ಯಾಕೆ ನೋಡಬಾರದು? ಗಾಜಿನ ಮೇಲೆ ಬಿಸಿಲು. ಕನ್ನಡಕ ಬೇರೆ ಒಳಗಿದೆ. ಅಪ್ಪನಿಗೋಸ್ಕರ ನಾಲ್ಕು ದೀಪ ಓದಿ ಹೇಳೋಕಾಗಲ್ವಾ ಮಗಳೇ?

ಹ್ಞಾಂ. ಸ್ಟೀರಿಂಗಿನ ಗುರುತು, ಹಳದಿ. ಕಾರು ಜಾರೋ ಗುರುತು, ಅದೂ ಹಳದಿ. ಆಮೇಲೆ?… ಬ್ರೇಕಿಂದು. ಕೆಂಪು… ಸರಿ, ಸರಿ. ಗಾಬರಿ ಬೀಳಬೇಡ.

ಇದು ಕರೆಂಟ್ ಕಾರಲ್ವಾ, ನಾನು ಬದಲಾಯಿಸಿದ್ದು ಕಾರು ಓಡಿಸೋ ದೊಡ್ಡ ಬ್ಯಾಟರಿ ಅಲ್ಲ, ಅದನ್ನ ಮುಟ್ಟೋಕೆ ನನಗೇನು ಹುಚ್ಚಾ? ಇದು ಬಾನೆಟ್ ಕೆಳಗಿನ ಪುಟಾಣಿ. ದೀಪಕ್ಕೆ, ಬಾಗಿಲಿಗೆ, ಕಂಪ್ಯೂಟರಿಗೆ ಕರೆಂಟು ಕೊಡೋದು. ಇದನ್ನ ಬಿಚ್ಚಿದ್ರೆ ಕಂಪ್ಯೂಟರಿಗೆ ಎಲ್ಲ ಮರೆತೇ ಹೋಗುತ್ತೆ. ಮತ್ತೆ ಅ ಆ ಇ ಈಯಿಂದ ಹೇಳಿಕೊಡಬೇಕು. ಸ್ಟೀರಿಂಗ್ ತಿರುಗಿಸು. ಎಡಕ್ಕೆ, ಪೂರ್ತಿ… ಈಗ ಬಲಕ್ಕೆ… ಹೋಯ್ತಾ? ಹೋಯ್ತು! ನಾನು ಹೇಳಲಿಲ್ವಾ? ಗೇಟಿನ ತನಕ ಓಡಿಸಿಕೊಂಡು ಹಿಂದಕ್ಕೆ ಬಾ, ಇನ್ನೊಂದು ಹಳದೀನೂ ಆರುತ್ತೆ. ನಿಧಾನ… ಹಾಂ, ಬಂದ್ಯಾ? ಆರ್ತಾ? ಭೇಷ್!

ಕೆಂಪು?… ಇನ್ನೂ ಇದೆಯಾ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ದೆ. ನಾಳೆ ಬರ್ತಾನಂತೆ, ಮಹಾರಾಯ. ಇನ್ನೇನು ಶಾಲೆ ಬಿಡುತ್ತೆ, ನಾನು ದಿನಾ ಕರ್ಕೊಂಡು ಬರೋ ಮಕ್ಕಳು ಅಲ್ಲಿ ಗೇಟಲ್ಲಿ ಕಾಯ್ತಿರ್ತವೆ. ನಿನ್ನ ಮಗಳೂ ಅದರಲ್ಲಿ ಒಬ್ಬಳು, ನೆನಪಿರಲಿ. ಇಳಿ. ಕೀ ಇಲ್ಲಿ ಕೊಡು. ಲಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ಟುಬಿಡೋಣ. ಕಂಪ್ಯೂಟರು ಒಂದು ನಿದ್ದೆ ತೆಗೆದು ಎದ್ದರೆ ಅದೂ ಹೋಗುತ್ತೆ.

ಏನು ನೋಡ್ತಿದೀಯ ಬಾನೆಟ್ ಒಳಗೆ?… ಆ ಕರಿ ಮಸೀನಾ? ಏನಿಲ್ಲ, ಒಂದು ಕಿಡಿ ಹಾರ್ತು. ವೈರು ಅದಲು ಬದಲಾಯ್ತು. ಒಂದೇ ಕ್ಷಣ! ಫ್ಯೂಸು ಹೋಯ್ತು, ಬೇರೆ ಹಾಕಿದೆ, ಮುಗೀತಲ್ಲ? ಕೆಂಪು ವೈರು ಧೂಳು ಹಿಡಿದು ಕಪ್ಪಿನ ಥರಾನೇ ಆಗಿದೆ, ಯಾರಿಗಾದ್ರೂ… ಏನಂದೆ? ಕುಣಿಯೋಕೆ ಬಾರದವಳಿಗೆ ನೆಲ ಡೊಂಕು? ಅಪ್ಪನಿಗೇ ಗಾದೆ ಹೇಳ್ತೀಯಾ!… ಧೂಳೇ ಇಲ್ವಾ? ಕೆಂಪಗೆ ಹೊಳೀತಿದೆಯಾ?… ಹಾಗಾದ್ರೆ ನಾನೇ ಒರೆಸಿರಬೇಕು. ಹೌದು, ಆಮೇಲೆ ಒರೆಸಿದೆ.

ಸೈಡ್ ಕನ್ನಡೀನಾ? ಅದು ಬಿರುಕು ಬಿಟ್ಟಿದ್ದು ಇವತ್ತಲ್ಲ. ಎದುರುಮನೆಯವನ ಗೋಡೆ ರಸ್ತೆಗೇ ಬಂದಿದೆ, ಯಾರಿಗಾದ್ರೂ ತಾಗುತ್ತೆ. ಬಿಡು ಅದನ್ನ. ನಿನ್ನ ಮಗಳ ಕಥೆ ಕೇಳು, ನಗ್ತೀಯ. ಮುಂದಿನ ಸೀಟಲ್ಲಿ ಅವಳೇ ಕೂರಬೇಕು, ಬೇರೆ ಮಕ್ಕಳಿಗೆ ಬಿಡಲ್ಲ. ಸಿಗ್ನಲ್ ಬಂತೋ, ಕೂಗ್ತಾಳೆ ನೋಡು, “ಕೆಂಪು ತಾತ! ಹಸಿರು ತಾತ!” ಅಂತ. ಯಾರಾದ್ರೂ ಅಡ್ಡ ಬಂದ್ರೆ “ಅಜ್ಜಿ ತಾತ! ನಾಯಿ ತಾತ!” ನಾನೇ ಕಲಿಸಿದ ಆಟ. ಒಂದು ದಿನವೂ ತಪ್ಪಿಲ್ಲ ಮಗು…

ಯಾಕೆ, ನಗು ಬರಲಿಲ್ವಾ? ಆಟ ಕಣೇ. ಮಕ್ಕಳ ಆಟ.

ಹೊತ್ತಾಯ್ತು. ಆಚೆ ಸರ್ಕೋ, ನಾನೇ ಕೂರ್ತೀನಿ. ಆನ್ ಮಾಡ್ದೆ… ಹಾ! ನೋಡು! ಏನೂ ಇಲ್ಲ! ಕೆಂಪೂ ಇಲ್ಲ, ಹಳದೀನೂ ಇಲ್ಲ. ನಿದ್ದೆ ಮಾಡಿ ಎದ್ದರೆ ಹೋಗುತ್ತೆ ಅಂದೆನಾ ಇಲ್ವಾ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓಡಿಸ್ತೀನಿ, ಬಾಗಿಲು ಹಾಕು.

ಬಾಗಿಲು ಹಾಕಮ್ಮ… ಯಾಕೆ ಹಿಡ್ಕೊಂಡು ನಿಂತಿದೀಯ?

ಉರೀತಿದೆಯಾ?

ಇನ್ನೂ… ಕೆಂಪು?

ಬಿಸಿಲಿಗೆ… ಇಲ್ಲ. ಮೋಡ ಆಗಿದೆ ಅಲ್ವಾ? ಕೈಗೆ ಬಿಸಿಲು ತಾಗ್ತಾನೇ ಇಲ್ಲ.

ಕಣ್ಣು ಪೂರ್ತಿ ಹೋಗಿಲ್ಲ ಕಣೇ, ನೀನು ಹಾಗೆಲ್ಲ ಅಂದ್ಕೋಬೇಡ. ಅಂಚಲ್ಲಿ ಎಲ್ಲ ಕಾಣುತ್ತೆ. ಗೇಟು ಕಾಣುತ್ತೆ, ನಿನ್ನ ಜಡೆ ಕಾಣುತ್ತೆ. ನೆಟ್ಟಗೆ ನೋಡಿದ್ದು ಮಾತ್ರ… ಬಟ್ಟೇಲಿ ಒರೆಸಿಬಿಟ್ಟ ಹಾಗೆ. ಡಾಕ್ಟರ ಹತ್ರ ಹೋಗಿದ್ದೆ. ಇನ್ನು ಓಡಿಸಬೇಡಿ ಅಂದ್ರು. ನಿನಗೆ ಹೇಳಿದ್ರೆ ನೀನೂ ಅದನ್ನೇ ಅಂತಿದ್ದೆ. ಆಮೇಲೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ? ಗೇಟಲ್ಲಿ ನಿಂತು ಬ್ಯಾಗು ಹಿಡ್ಕೊಂಡು “ತಾತ ಬಂದ್ರು” ಅಂತ ಕುಣಿಯೋಕೆ ಇನ್ಯಾರಿದಾರೆ ನನಗೆ?

ಅವಳು ಪಕ್ಕದಲ್ಲಿದ್ರೆ ಏನೂ ಆಗಲ್ಲ ಅಂದ್ಕೊಂಡಿದ್ದೆ. ಆ ಮಗೂನ ಕಣ್ಣಲ್ಲಿ ನಾನು ಕಾರು ಓಡಿಸೋದು… ಥೂ, ನನ್ನ ಮಾತು ನನಗೇ ಕೇಳೋಕೆ ಆಗ್ತಿಲ್ಲ.

ಬೈಯಿ. ಏನಾದ್ರೂ ಅನ್ನು. ಅಳ್ತಿದೀಯಾ? ಸಿಟ್ಟಾ? ಬಾಯಿಬಿಟ್ಟು ಹೇಳಿದ್ರೆ ತಾನೇ ನನಗೆ ಗೊತ್ತಾಗೋದು…

ಆಟೋ ಮಾಡ್ಕೊಂಡು ಹೋಗು, ಎಲ್ಲರನ್ನೂ ಕರ್ಕೊಂಡು ಬಾ. ಈ ಕಾರು ಬೇಡ. ಇಗೋ, ಕೀ. ತಗೋ. ಕೈ ಚಾಚು… ಚಾಚೇ ಮಾರಾಯ್ತಿ…

ಚಾಚಿದೀಯಾ? ಆಗಲಿಂದಲೂ?