ಜಾಗಟೆ ಕೇಳುವ ಕಿವಿ

ಅಧ್ಯಕ್ಷತೆ ವಹಿಸಿರುವ ಬಸವಣ್ಣನವರೇ, ನರಸೀಪುರದಿಂದ ಬಿಸಿಲಲ್ಲಿ ಬಂದ ಡಾಕ್ಟರ್ ಮೇಡಂ ಅವರೇ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ತಾಯಂದಿರೇ, ಸಭಿಕರೇ,

ಅಂಗನವಾಡಿಯಲ್ಲಿ ಇಪ್ಪತ್ತೈದು ವರ್ಷ ದುಡಿದೆನೆಂದು ಶಾಲು ಹೊದಿಸಿದ್ದೀರಿ. ಕಿವಿಯ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದೀರಿ. ನಾನು ಓದಿದ್ದು ಊರಿನ ಶಾಲೆಯಲ್ಲಿ. ತಿಳಿದಷ್ಟು ಹೇಳುತ್ತೇನೆ.

ನಾವು ಹಿಡಿದು ಹಿಂಡುವ ಕಿವಿ ಬರೀ ಹೊರಬಾಗಿಲು. ಒಳಗೆ ತಮಟೆಯ ಚರ್ಮದಂಥ ಪೊರೆ. ಅದರ ಹಿಂದೆ ಮೂರು ಮೂಳೆ. ಕೊನೆಯದು ಅಕ್ಕಿಕಾಳಿಗಿಂತ ಚಿಕ್ಕದು. ಆಚೆಗೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ, ಅದರ ತುಂಬ ನೀರು, ನೀರಿನಲ್ಲಿ ಕೂದಲಿನಂಥ ಎಳೆಗಳು. ಅವು ಅಲುಗಿದರೆ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಅದೇ ನರದ ಇನ್ನೊಂದು ಕವಲು ನಾವು ಓಲಾಡದೆ ನಿಲ್ಲುವಂತೆ ನೋಡಿಕೊಳ್ಳುತ್ತದೆ. ಶಿವ ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ಕೆಲಸ ಇಟ್ಟಿದ್ದಾನೆ ನೋಡಿ.

ಇದನ್ನೆಲ್ಲ ನಾನು ಕಲಿತದ್ದು ಮೈಸೂರಿನ ಆಸ್ಪತ್ರೆಯಲ್ಲಿ, ಮಗಳು ಅರ್ಪಿತಳಿಗೆ ಐದು ತುಂಬಿದ ಮೇಲೆ. ಅವಳಿಗೆ ಮಾತು ಬಂದಿರಲಿಲ್ಲ. ಮಾತು ಬರಲೆಂದು ನಂಜನಗೂಡಿನಲ್ಲಿ ಉರುಳುಸೇವೆ ಮಾಡಿದೆ. ಕಿವಿಯ ಮೇಲೆ ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀರಿ. ಬರಲಿಲ್ಲ. ದಿನಾ ಸಂಜೆ ಪೂಜೆಗೆ ನಮ್ಮನೆಯವರು ಜಾಗಟೆ ಬಾರಿಸಿದರೆ ಮಗು ಕೈ ಮುಗಿಯುತ್ತಿತ್ತು. ಜಾಗಟೆ ಕೇಳುವ ಕಿವಿಗೆ ತಾಯಿ ಕೂಗು ಕೇಳುವುದಿಲ್ಲವೇ? ಹಟ ಎಂದುಕೊಂಡೆ. ಹಟಕ್ಕೆ ಏನು ಮಾಡುತ್ತೇವೋ ಅದನ್ನು ಮಾಡಿದೆ.

ಒಂದು ಸಂಜೆ ಜಾಗಟೆಯನ್ನು ಗುಡಿಗೆ ಒಯ್ದಿದ್ದರು. ಸದ್ದಿಲ್ಲದೆ ಆರತಿ ಎತ್ತಿದೆವು. ಮಗು ಎಂದಿನಂತೆ ಕೈ ಮುಗಿಯಿತು. ಅದು ಇಷ್ಟು ದಿನವೂ ನೋಡುತ್ತಿದ್ದದ್ದು ದೀಪವನ್ನು. ಮಾರನೆಯ ದಿನ ಅವಳ ಬೆನ್ನ ಹಿಂದೆ ನಿಂತು ಬಾರಿಸಿದೆ. ತಿರುಗಲಿಲ್ಲ. ಊರಿನ ಮಕ್ಕಳನ್ನೆಲ್ಲ ತೂಗಿ, ಅಳೆದು, ಬರೆದಿಟ್ಟವಳು ನಾನು.

ನರ ಚೆನ್ನಾಗಿದೆ, ಸುರುಳಿಯ ಎಳೆಗಳು ಸತ್ತಿವೆ ಎಂದರು ಮೈಸೂರಿನ ಡಾಕ್ಟರು. ಎರಡು ವರ್ಷದೊಳಗೆ ಕರೆತಂದಿದ್ದರೆ ಮಾತು ಇನ್ನೂ ತಿಳಿಯಾಗಿ ಬರುತ್ತಿತ್ತಂತೆ. ಈಗ ಕಿವಿಗೆ ಮಷೀನು ಹಾಕಿಕೊಂಡು ತಾಂಡ್ಯದ ಫ್ಯಾಕ್ಟರಿಗೆ ಹೋಗುತ್ತಾಳೆ. ಅವಳ ಮಾತು ನಮಗೆ ಅರ್ಥವಾಗುತ್ತದೆ. ಹೊರಗಿನವರು ಎರಡು ಸಲ ಕೇಳುತ್ತಾರೆ.

ಪುಟ್ಟಲಕ್ಷ್ಮಮ್ಮನವರೇ, ಹೆಸರು ಹಿಡಿದು ಕರೆದದ್ದಕ್ಕೆ ಬೇಸರ ಬೇಡ. ನಿಮ್ಮ ಮೊಮ್ಮಗ ಶಿವುಗೆ ಎರಡು ತುಂಬುತ್ತಿದೆ. ನಿಮ್ಮ ಮನೆಗೆ ಮೂರು ಸಲ ಬಂದೆ. "ಪಟಾಕಿ ಒಡುದ್ರ ಬೆಚ್ಚಿಬೀಳ್ತದ ಕನಾ ಟೀಚರಮ್ಮ. ಗಂಡುಕೂಸು, ಮಾತು ತಡವಾಗಿ ಬತ್ತದ ಬುಡು" ಎಂದಿರಿ. ಪಟಾಕಿಗೆ ನೆಲವೂ ಅದುರುತ್ತದೆ. ನಾಳೆ ಎಂಟು ಗಂಟೆಯ ಮೈಸೂರು ಬಸ್ಸಿಗೆ ಮಗುವನ್ನು ಕರೆತನ್ನಿ. ನಾನು ಸ್ಟಾಪಿನಲ್ಲಿರುತ್ತೇನೆ.

ಇವತ್ತು ಸೀರೆ ಉಡುವಾಗ ಅರ್ಪಿತ ಎದುರಿಗೆ ಬಂದು ನಿಂತಳು. ನಾಳೆ ರಜ ಹಾಕಿದ್ದೇನೆ, ಶಿವು ಜೊತೆ ನಾನೂ ಬರುತ್ತೇನೆ ಎಂದಳು. ಸಭೆಯಲ್ಲಿ ಏನು ಹೇಳಲಿ ಮಗಳೇ ಎಂದು ಕೇಳಿದೆ. ಐದು ವರ್ಷದೊಳಗಿನದು ಯಾವ ಮಗುವಿಗೂ ನೆನಪಿರುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಅವಳು ಹೇಳಿದ್ದು ಇಷ್ಟು: "ಅವ್ವ, ಆ ಕೂಸ್ಗ ಹೊಡೀಬ್ಯಾಡಿ ಅನ್ನು."

ಹೇಳಿದ್ದೇನೆ. ಕೂತು ಕೇಳಿದ ನಿಮಗೆಲ್ಲ ಶರಣು, ನಮಸ್ಕಾರ.